ನಮ್ಮ ಕಾರು ಉಂಡ ಮನೆಗಳು

ಈ ಊರಿನಲ್ಲಿ ಸಂಬಂಧ ಕುದುರಿಸಲು ಕೂತವರು ಮೊದಲು ಕೇಳುವುದು ಹೊಲ ಎಷ್ಟಿದೆ ಎಂದಲ್ಲ. ಚಹಾದ ಕಪ್ಪು ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು, "ನಿಮ್ಮ ಕಾರು ಯಾರ ಮನ್ಯಾಗ ಉಣ್ತೈತ್ರಿ?" ಎಂದು ಕೇಳುತ್ತಾರೆ. ಏಕೆಂದರೆ ಇಲ್ಲಿ ಕಾರುಗಳು ಒಡೆಯನ ಮನೆಯಲ್ಲಿ ಕರೆಂಟು ಮುಟ್ಟುವುದಿಲ್ಲ. ಬೇರೆಯವರ ಮನೆಯಲ್ಲಿ, ಆ ಮನೆಯವರೇ ತಮ್ಮ ಕೈಯಾರೆ ಪ್ಲಗ್ ಹಾಕಿದರೆ ಮಾತ್ರ ತೆಗೆದುಕೊಳ್ಳುತ್ತವೆ. ಹೆದ್ದಾರಿಯಲ್ಲೋ ನಗರದಲ್ಲೋ ನಿಲ್ಲಿಸಿರುವ ಯಂತ್ರಗಳಿಗೆ ನಮ್ಮೂರ ಕಾರನ್ನು ಜೋಡಿಸಿದರೆ ಅದು ಸುಮ್ಮನೆ ನಿಂತಿರುತ್ತದೆ. ಯಾರ ಮನೆಯೂ ಅಲ್ಲದ ಕಡೆ ಯಾರು ತಾನೇ ಉಣ್ಣುತ್ತಾರೆ? ಈ ಮಾತು ನನ್ನದಲ್ಲ, ಊರಿನವರದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಇದನ್ನು ಕೇಳಿ ನಕ್ಕಿದ್ದೆ.

ನನ್ನ ಹೆಸರು ದೇವೇಂದ್ರಪ್ಪ. ಭೂಮಾಪನ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಸರ್ವೇಯರ್ ಆಗಿದ್ದವನು. ಅಣ್ಣತಮ್ಮಂದಿರ ಹೊಲದ ನಡುವೆ ಸರಪಳಿ ಎಳೆದು, ಇಲ್ಲಿಯವರೆಗೆ ನಿನ್ನದು, ಇಲ್ಲಿಂದ ಅವನದು ಎಂದು ಕಲ್ಲು ನೆಡಿಸಿದವನು. ಈ ಕೆಲಸಕ್ಕೊಂದು ಕಟ್ಟುಪಾಡು ಇಟ್ಟುಕೊಂಡಿದ್ದೆ. ಅಳತೆಗೆ ಹೋದ ಕಡೆ ಯಾರ ಮನೆಯಲ್ಲೂ ಒಂದು ಲೋಟ ನೀರು ಸಹ ಕುಡಿಯಬಾರದು. ಕುಡಿದರೆ ಸರಪಳಿ ಅವರ ಕಡೆ ವಾಲುತ್ತದೆ. ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ರೊಟ್ಟಿ, ಗಿಡದ ನೆರಳು, ಮುಗಿಯಿತು. ನಿವೃತ್ತಿಯಾದ ಮೇಲೆ ಹೆಂಡತಿಯ ತವರೂರಾದ ಇಲ್ಲಿಗೆ ಬಂದು ನೆಲೆಸಿದಾಗಲೂ ಆ ಚಾಳಿ ನನ್ನನ್ನು ಬಿಡಲಿಲ್ಲ. ಮದುವೆ ಮನೆಗೆ ಹೋದರೂ ಬಾಟಲಿ ಒಯ್ಯುತ್ತಿದ್ದೆ. ನನ್ನ ಹೆಂಡತಿ ಕಮಲಾಕ್ಷಿ ಜನರ ಮುಂದೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಬಂದ ಎರಡನೇ ವರ್ಷಕ್ಕೆ ಕಮಲಾಕ್ಷಿಯ ಮೂತ್ರಪಿಂಡಗಳು ಕೈಕೊಟ್ಟವು. ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಏಳೂವರೆಗೆ, ಐವತ್ತೆಂಟು ಕಿಲೋಮೀಟರ್ ದೂರದ ನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮ್ಮೂರಿನಿಂದ ಮೊದಲ ಬಸ್ಸು ಹೊರಡುವುದೇ ಒಂಬತ್ತಕ್ಕೆ. ಪೆಟ್ರೋಲ್ ಗಾಡಿಗಳು ಊರು ಬಿಟ್ಟು ಎಷ್ಟೋ ವರ್ಷಗಳಾಗಿವೆ. ಮೊದಮೊದಲು ಯಾರ‍್ಯಾರದೋ ಕಾರು ಬಾಡಿಗೆಗೆ ಹಿಡಿದು ಹೋದೆವು. ಒಂದು ಗುರುವಾರ ಕಾರು ಸಿಗಲಿಲ್ಲ. ಶನಿವಾರದ ಹೊತ್ತಿಗೆ ಅವಳ ಕಾಲು ಬಾತು, ಉಸಿರು ಕಟ್ಟಿ, ದಿಂಬಿಗೆ ಒರಗಿ ಕುಳಿತೇ ದಿನ ಕಳೆದಳು. ಅವಳ ಕಣ್ಣಿನಲ್ಲಿ ಅಂದು ಕಂಡ ಹೆದರಿಕೆಯನ್ನು ನಾನು ಇನ್ನೊಮ್ಮೆ ನೋಡಲಾರೆ. ಯಾರ ಹಂಗೂ ಬೇಡವೆಂದು ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡುಬಿಟ್ಟೆ. ಬಿಳಿ ಬಣ್ಣದ ಸಣ್ಣ ಗಾಡಿ. ಎಸಿ ಹಾಕದೆ ಐವತ್ತರ ವೇಗದಲ್ಲಿ ಹೋದರೆ ತುಂಬಿದ ಬ್ಯಾಟರಿಗೆ ನೂರಾ ಮೂವತ್ತು ಕಿಲೋಮೀಟರ್. ಹೋಗಿಬರಲು ನೂರಾ ಹದಿನಾರು ಬೇಕು. ಲೆಕ್ಕ ಸರಿಯಾಗಿತ್ತು.

ಕಾರು ಮನೆಗೆ ಬಂದ ದಿನ ಅಂಗಳದಲ್ಲಿ ನಿಲ್ಲಿಸಿ, ಹೊಸದಾಗಿ ಹಾಕಿಸಿದ ಹದಿನೈದು ಆಂಪಿಯರ್ ಪಾಯಿಂಟಿಗೆ ಪ್ಲಗ್ ಹಾಕಿದೆ. ಚಾರ್ಜರಿನ ಡಬ್ಬಿಯ ಮೇಲೊಂದು ಪುಟ್ಟ ದೀಪವಿದೆ. ಕರೆಂಟು ಹೋಗುತ್ತಿದ್ದರೆ ಹಸಿರು, ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಂಪು. ನಮ್ಮ ಮನೆಯಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ, ಕಪ್ಪಗೆ ಸುಮ್ಮನಿತ್ತು. "ನಾ ಹೇಳಿದ್ನಲ್ರಿ" ಎಂದಳು ಕಮಲಾಕ್ಷಿ. ನಾನು ಬಿಡುವ ಆಸಾಮಿಯೇ? ಬೇರೆಯವರ ಮನೆಯೇ ಆಗಬೇಕೆಂದರೆ ಆಗಲಿ ಎಂದು ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮನೆಯನ್ನು ಅವಳ ಹೆಸರಿಗೆ ಮಾಡಿಸಿದೆ. ಕಾರು ನನ್ನ ಹೆಸರಿನಲ್ಲೇ ಇತ್ತು. ಕಾಗದ ಕೈಗೆ ಬಂದ ಸಂಜೆ ಅವಳ ಕೈಯಿಂದಲೇ ಪ್ಲಗ್ ಹಾಕಿಸಿದೆ. ದೀಪ ಕಪ್ಪಗೇ ಇತ್ತು. ಕಮಲಾಕ್ಷಿ ಡಬ್ಬಿಯನ್ನು ಒಂದಿಷ್ಟು ಹೊತ್ತು ನೋಡಿ, "ನಾ ನಿಮಗ ಬ್ಯಾರೆ ಅಲ್ಲಂತ ಕಾರಿಗೆ ತಿಳೀತು. ನಿಮಗ ಯಾವಾಗ ತಿಳೀತೈತೋ" ಎಂದು ಒಳಗೆ ಹೋದಳು. ಈ ಸುದ್ದಿ ಹೇಗೋ ಹೊರಗೆ ಹೋಗಿ, ಊರಿನ ಜನ ತಿಂಗಳುಗಟ್ಟಲೆ ನಕ್ಕರು.

ಅದೇ ವಾರ ಇನ್ನೊಂದು ತಪ್ಪು ಮಾಡಿದೆ. ನಮ್ಮ ಓಣಿಯ ಮೂಲೆಯಲ್ಲಿ ಫಕೀರಪ್ಪನ ಹಿಟ್ಟಿನ ಗಿರಣಿ. ಗಿರಣಿಗೆ ಅಂಟಿಕೊಂಡೇ ಅವನ ಮನೆ. ಹೊರಗೋಡೆಯಲ್ಲೊಂದು ಪ್ಲಗ್ ಪಾಯಿಂಟು ಇತ್ತು. ಮಧ್ಯಾಹ್ನ ಫಕೀರಪ್ಪ ಉಣ್ಣಲು ಒಳಗೆ ಹೋದಾಗ ನಾನು ಟೇಪು ತೆಗೆದು ಅಳೆದೆ. ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಆ ಗೋಡೆ ರಸ್ತೆಯ ಮೇಲೆ ಒಂಬತ್ತು ಇಂಚು ಬಂದಿತ್ತು. ಅಂದಮೇಲೆ ಅವನನ್ನು ಕೇಳುವುದೇನು ಎಂದುಕೊಂಡು ನಾನೇ ಪ್ಲಗ್ ಚುಚ್ಚಿದೆ. ಕಾರು ಮುಟ್ಟಲಿಲ್ಲ. ಫಕೀರಪ್ಪ ಬಾಯಿ ಒರೆಸಿಕೊಳ್ಳುತ್ತ ಹೊರಬಂದವನು, ನನ್ನ ಕೈಯಲ್ಲಿದ್ದ ಟೇಪು ನೋಡಿದ, ಗೋಡೆ ನೋಡಿದ. ಹಿಟ್ಟು ಹಾಕಿಸಲು ಬಂದಿದ್ದ ಹೆಂಗಸರೆಲ್ಲ ಡಬ್ಬಿ ಹಿಡಿದು ನಿಂತಿದ್ದರು. "ಗ್ವಾಡಿ ಸರಕಾರದ್ದು ಅಂದಮ್ಯಾಲ ಪ್ಲಗ್ ಹಾಕಾಕ ಸರಕಾರಕ್ಕs ಕರೀರಿ ಸಾಹೇಬ್ರ" ಎಂದ. ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ನಕ್ಷೆ ಸಮೇತ ಪುರಸಭೆಗೆ ಅರ್ಜಿ ಕೊಟ್ಟೆ. ಅವನು ಆ ಗೋಡೆ ಕೆಡವಬೇಕಾಯಿತು. ಅಂದಿನಿಂದ ನಮ್ಮಿಬ್ಬರಲ್ಲಿ ಮಾತಿಲ್ಲ, ಮುಖವಿಲ್ಲ. ನಮ್ಮ ಮನೆಯ ಜೋಳ ಎರಡು ಓಣಿ ಆಚೆಯ ಗಿರಣಿಗೆ ಹೋಗತೊಡಗಿತು.

ಕೊನೆಗೆ ಕಮಲಾಕ್ಷಿಯೇ ನನ್ನನ್ನು ಎದುರುಮನೆಯ ಹೂವವ್ವನ ಹತ್ತಿರ ಕರೆದುಕೊಂಡು ಹೋದಳು. ಹೂವವ್ವನಿಗೆ ಎಪ್ಪತ್ತೆಂಟು ವರ್ಷ. ಅವಳ ಗಂಡ ಲೈನ್‌ಮನ್ ಆಗಿದ್ದವರು, ತೀರಿಹೋಗಿ ಬಹಳ ವರ್ಷಗಳಾಗಿವೆ. ತಾಮ್ರದ ಪಟ್ಟಿ, ಇದ್ದಿಲು, ಉಪ್ಪು ಹಾಕಿ ಅವರೇ ಹೂಳಿಸಿದ ಅರ್ಥಿಂಗ್ ಆ ಮನೆಯದು. ಮಲ್ಲಿಗೆ ಬಳ್ಳಿಗೆ ನೀರು ಹಾಕುವಾಗ ಹೂವವ್ವ ಆ ಅರ್ಥಿಂಗ್ ಗುಂಡಿಗೂ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ಅವಳಿಗೆ ಸ್ವಂತ ಕಾರಿಲ್ಲ. ಆದರೆ ಅವಳ ಮನೆಯಲ್ಲಿ ಉಂಡುಹೋದ ಕಾರುಗಳು ನಾಲ್ಕಿವೆ ಎಂದು ಹೇಳುತ್ತಿದ್ದರು. "ಕಮಲಿ ನಾನು ಎತ್ತಿ ಆಡಿಸಿದ ಕೂಸು. ಕೇಳಾಕ ಇಷ್ಟು ದಿನ ಬೇಕಾತೇನ್ರಿ ಅಳಿಯಾರ?" ಎಂದವಳೇ ಕೈ ಒರೆಸಿಕೊಂಡು ಪ್ಲಗ್ ಹಾಕಿದಳು. ಹಸಿರು ದೀಪ ಹತ್ತಿತು.

ಬ್ಯಾಟರಿ ಶೇಕಡಾ ಹನ್ನೆರಡರಿಂದ ನೂರಕ್ಕೆ ಏರಲು ಎಂಟು ಗಂಟೆ ಬೇಕು. ಕಾರು ಉಣ್ಣುವಷ್ಟು ಹೊತ್ತು ಅದರ ಒಡೆಯನೂ ಆ ಮನೆಯಲ್ಲಿ ಇರಬೇಕು, ಕೊಟ್ಟದ್ದನ್ನು ತಿನ್ನಬೇಕು, ಇದು ಇಲ್ಲಿಯ ರೂಢಿ. ಮೊದಲ ಭಾನುವಾರ ನಾನು ಮನೆಯೊಳಗೆ ಹೋಗಲೇ ಇಲ್ಲ. ನಿಂತ ಕಾರಿನಲ್ಲೇ ಕಿಟಕಿ ಇಳಿಸಿಕೊಂಡು, ನನ್ನ ಬಾಟಲಿ, ನನ್ನ ಡಬ್ಬಿ ಹಿಡಿದುಕೊಂಡು ಎಂಟು ಗಂಟೆ ಕುಳಿತೆ. ಬಿಸಿಲಿಗೆ ಬೆಂದುಹೋದೆ. ಹೂವವ್ವ ಬರ್ರಿ ಎನ್ನಲೂ ಇಲ್ಲ, ಬೇಸರ ಪಡಲೂ ಇಲ್ಲ. ತಾಸಿಗೊಮ್ಮೆ ಬಂದು ಬಾನೆಟ್ಟಿನ ಮೇಲೆ ಒಂದು ಕಪ್ಪು ಚಹಾ ಇಟ್ಟು ಹೋದಳು. ಅವು ಆರಿದವು. ಸಂಜೆ ಅಷ್ಟೂ ಕಪ್ಪುಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋಗುವಾಗ, "ಕಾರು ಪಾಪ ಸಣ್ಣದು, ಖರೆ ಒಡೆಯನಕಿಂತ ಶಾಣೇ ಐತಿ" ಎಂದಳು.

ಬುಧವಾರ ಒಂದು ಕಪ್ಪು ಕುಡಿದೆ. ಮುಂದಿನ ಭಾನುವಾರ ಕಟ್ಟೆಯ ಮೇಲೆ ಕುಳಿತೆ. ಅದರ ಮುಂದಿನ ವಾರ ಚುರುಮುರಿ ಕಲಸಿಕೊಟ್ಟಳು, ತಿಂದೆ. ಸುಮ್ಮನೆ ಕುಳಿತುಕೊಳ್ಳುವುದು ನನಗೆ ಆಗದ ಕೆಲಸ. ಅವಳ ಬಟ್ಟೆ ಒಣಹಾಕುವ ತಂತಿ ಜೋತುಬಿದ್ದಿತ್ತು, ಬಿಗಿ ಮಾಡಿದೆ. ಬಾಗಿಲು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ದಿನಪತ್ರಿಕೆಯನ್ನು ದೊಡ್ಡ ದನಿಯಲ್ಲಿ ಓದಿ ಹೇಳಿದೆ. ಅವಳಿಗೆ ಬೇಕಾಗಿದ್ದುದು ಪೇಟೆ ಧಾರಣೆಯೂ ಅಲ್ಲ, ರಾಜಕೀಯವೂ ಅಲ್ಲ, ಕಳೆದುಹೋದವರ ಪ್ರಕಟಣೆಗಳು. "ಸಿಕ್ಕರಂತೇನ್ರಿ ಹ್ವಾದ ವಾರದವರು?" ಎಂದು ಪ್ರತಿಸಲ ಕೇಳುತ್ತಿದ್ದಳು. ಸಿಕ್ಕವರ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ. ನಾನು ಸಿಕ್ಕರು ಎಂದು ಹೇಳತೊಡಗಿದೆ. ಮೂವತ್ತೆಂಟು ವರ್ಷ ಒಂದು ಇಂಚು ಸುಳ್ಳು ಬರೆಯದ ಮನುಷ್ಯ ನಾನು.

ಸೋಮವಾರ, ಗುರುವಾರ ಬೆಳಿಗ್ಗೆ ಐದೂವರೆಗೆ ಹೊರಡುತ್ತಿದ್ದೆವು. ಸದ್ದಿಲ್ಲದ ಗಾಡಿಯಾದ್ದರಿಂದ ಆಡುಗಳು ದಾರಿ ಬಿಡುತ್ತಿರಲಿಲ್ಲ. ಕಮಲಾಕ್ಷಿ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಬಳೆ ಬಡಿದು ಅವನ್ನು ಸರಿಸುತ್ತಿದ್ದಳು. ಇಳಿಜಾರು ಬಂದರೆ ನಾನು ಪೆಡಲಿನಿಂದ ಕಾಲು ತೆಗೆದು ಪರದೆ ನೋಡುತ್ತಿದ್ದೆ. ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ವಾಪಸ್ಸು ಬರುತ್ತದೆ. ಅರ್ಧ ಕಿಲೋಮೀಟರ್ ಗಳಿಸಿದರೂ ನನಗೆ ಹಬ್ಬ. ಬರುವಾಗ ಅವಳಿಗೆ ಸುಸ್ತಾಗಿ ಸೆಕೆ ತಡೆಯಲು ಆಗುತ್ತಿರಲಿಲ್ಲ. ಅರ್ಧ ದಾರಿಯವರೆಗೆ ಎಸಿ ಹಾಕಿ, ಅದರ ಸಲುವಾಗಿ ಇನ್ನರ್ಧ ದಾರಿ ನಲವತ್ತರಲ್ಲಿ ತೆವಳುತ್ತ ಬರುತ್ತಿದ್ದೆವು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿ ನಗುತ್ತಿದ್ದರು. ಓಣಿಗೆ ಬಂದರೆ ಹೂವವ್ವ ಕಟ್ಟೆಯ ಮೇಲಿಂದಲೇ "ಬಂದಿರೇನ್ರಿ?" ಎಂದು ಕೂಗುತ್ತಿದ್ದಳು. ಕಮಲಾಕ್ಷಿ ನಿದ್ದೆಗಣ್ಣಿನಲ್ಲೇ "ಬಂದೆವ ಯವ್ವಾ" ಎನ್ನುತ್ತಿದ್ದಳು. ಹೀಗೆ ಹದಿನಾಲ್ಕು ತಿಂಗಳು ಒಂದು ಸರದಿಯೂ ತಪ್ಪಲಿಲ್ಲ. ಅವಳ ಮುಖಕ್ಕೆ ಬಣ್ಣ ಬಂತು. ಒಂದು ದಿನ ಅಡುಗೆಮನೆಯಲ್ಲಿ ಹಾಡಿಕೊಳ್ಳುವುದು ಕೇಳಿಸಿತು. ನಾನು ಹೊರಗೆ ನಿಂತು ಅತ್ತೆ.

ಆ ಭಾನುವಾರ ಎಂದಿನಂತೆ ಒಂಬತ್ತಕ್ಕೆ ಹೋದೆ. ಬ್ಯಾಟರಿ ಹನ್ನೊಂದಕ್ಕೆ ಇಳಿದಿತ್ತು. ಹೂವವ್ವ ಪ್ಲಗ್ ಹಾಕಿ ಒಳಗೆ ಒಗ್ಗರಣೆಗೆ ಹೋದಳು. ನಾನು ಪತ್ರಿಕೆ ಬಿಡಿಸಿದೆ. ಹತ್ತು ಗಂಟೆಗೆ ನೋಡಿದರೆ ಬ್ಯಾಟರಿ ಹನ್ನೊಂದರಲ್ಲೇ ಇದೆ. ಡಬ್ಬಿಯ ದೀಪ ಹತ್ತಿಲ್ಲ. ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಪ್ಲಗ್ ತೆಗೆಸಿ ಮತ್ತೆ ಹಾಕಿಸಿದೆ. ಫ್ಯೂಸು ನೋಡಿದೆ. ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿದೆ. ಎಲೆಕ್ಟ್ರಿಷಿಯನ್ ಮೌಲಾಸಾಬ ಮಧ್ಯಾಹ್ನ ಮೂರಕ್ಕೆ ಬಂದ, ಪಾಯಿಂಟಿಗೆ ದೊಡ್ಡ ಬಲ್ಬು ಹಾಕಿ ತೋರಿಸಿದ. ಬಲ್ಬು ಝಗಝಗ ಉರಿಯಿತು. "ಇಲ್ಲೇನೂ ಕೆಟ್ಟಿಲ್ರಿ. ಕಾರಿಗೇ ಏನರ ಆಗಿರಬೇಕು" ಎಂದು ಹೋದ. ಬೆಳಗಾದರೆ ಸೋಮವಾರ, ಆ ಹೊತ್ತಿನಲ್ಲಿ ಹುಡುಕಿದರೆ ಬಾಡಿಗೆಗೆ ತುಂಬಿದ ಕಾರು ಸಿಗುವ ಮಾತೇ ಇರಲಿಲ್ಲ. ಬ್ಯಾಟರಿ ಹನ್ನೊಂದಿದ್ದರೆ ಊರ ಹೊರಗಿನ ಸೇತುವೆ ದಾಟಿ ಒಂದಷ್ಟು ದೂರ ಹೋಗಬಹುದು, ಅಷ್ಟೇ. ದಿಂಬಿಗೆ ಒರಗಿ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದ ಕಮಲಾಕ್ಷಿಯ ಮುಖ ಕಣ್ಣ ಮುಂದೆ ಬಂತು. ನಾನು ಅಂಗಳದಲ್ಲಿ ಹಾಗೇ ಕುಕ್ಕರಿಸಿದೆ.

ಹೂವವ್ವ ಕನ್ನಡಕ ಹಾಕಿಕೊಂಡು ಬಂದು ಡಬ್ಬಿಯನ್ನು ಕೈಗೆತ್ತಿಕೊಂಡಳು. "ಕೆಂಪು ಸೈತ ಹತ್ತಿಲ್ಲೇನ್ರಿ?" ಎಂದಳು. ಇಲ್ಲ ಎಂದೆ. "ನಿಮ್ಮನ್ಯಾಗ ಹಾಕಿದಾಗ ಹೆಂಗಿತ್ತು ದೀಪ?"

"ಹಿಂಗೇ ಇತ್ತು, ಕಪ್ಪಗೆ" ಎಂದೆ.

ಅವಳು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎರಡೂ ಇತ್ತೆಂದು ಆಮೇಲೆ ತಿಳಿಯಿತು. "ಅಯ್ಯ ನನ್ನಪ್ಪಾ, ಕಾರು ಕೆಟ್ಟಿಲ್ಲೋ. ಇದು ನಿನ್ನ ಮನಿ ಆಗೇತಿ. ತನ್ನ ಮನ್ಯಾಗ ಅದು ಹೆಂಗ ಉಣ್ಣಬೇಕು?" ಎಂದಳು. ಉಂಡ ನಾಲ್ಕು ಕಾರುಗಳಲ್ಲಿ ಒಂದು ಮಾತ್ರ ಹೀಗೆ ಮಾಡಿತ್ತಂತೆ, ಅದೂ ಒಂಬತ್ತು ವರ್ಷದ ಮೇಲೆ. "ನೀ ಒಂದು ವರ್ಷದಾಗs ಮಾಡಿದಿ. ಬಾಟಲಿ ಹಿಡಕೊಂಡು ಬಂದಾಂವ ನೀನು."

ಅಳಿಯಾರ ಎನ್ನುತ್ತಿದ್ದವಳು ನೀನು ಎಂದಿದ್ದಳು. ಹುಟ್ಟಿದಾಗಿನಿಂದ ಯಾರೂ ನನಗೆ ಇಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. ಆದರೆ ಅದನ್ನು ಇಟ್ಟುಕೊಂಡು ಆ ಹೊತ್ತಿನಲ್ಲಿ ನಾನು ಏನು ಮಾಡಲಿ? "ಯವ್ವಾ, ನಾಳೆ ಸೋಮವಾರ. ಕಮಲಿನ್ನ ಹೆಂಗ ಒಯ್ಯಲಿ?" ಎಂದೆ. ಯಾರನ್ನಾದರೂ ಹೀಗೆ ಕೇಳಿದ್ದು ಅದೇ ಮೊದಲು. ನಮ್ಮ ಓಣಿಯಲ್ಲಿ ನಮ್ಮ ಮನೆ ಬಿಟ್ಟರೆ ದೊಡ್ಡ ಪಾಯಿಂಟು, ಒಳ್ಳೆಯ ಅರ್ಥಿಂಗ್ ಎರಡೂ ಇರುವ ಮನೆಗಳು ಮೂರೇ. ಒಂದು ಹೂವವ್ವನದು. ಇನ್ನೊಂದು ಮಾಸ್ತರರದು, ಅವರು ಬೀಗ ಹಾಕಿಕೊಂಡು ಮಗಳ ಬಾಣಂತನಕ್ಕೆ ಹೋಗಿದ್ದರು. ಉಳಿದ ಮನೆಗಳಲ್ಲಿ ಹಾಕಿದರೆ ಡಬ್ಬಿ ಕೆಂಪಾಗುತ್ತಿತ್ತು. ಹನ್ನೊಂದರ ಬ್ಯಾಟರಿ ಇಟ್ಟುಕೊಂಡು ಬೇರೆ ಓಣಿಗಳ ಮನೆಮನೆ ತಿರುಗುತ್ತ ಕುಳಿತರೆ ಬೆಳಗಾಗಿಬಿಡುತ್ತಿತ್ತು. ಓಣಿಯ ಮೂಲೆಯಿಂದ ಗಿರಣಿಯ ಸದ್ದು ಬರುತ್ತಿತ್ತು. ಹೂವವ್ವ ಆ ಕಡೆ ಮುಖ ತಿರುಗಿಸಿ ಕುಳಿತಳು.

ಐದು ಗಂಟೆಗೆ ಕಾರನ್ನು ಗಿರಣಿಯ ಮುಂದೆ ನಿಲ್ಲಿಸಿ, ಕೇಬಲನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದೆ. ಆ ಹತ್ತು ಹೆಜ್ಜೆಗಿಂತ ಉದ್ದದ ದಾರಿಯನ್ನು ನಾನು ನನ್ನ ಇಡೀ ಸರ್ವಿಸ್ಸಿನಲ್ಲಿ ಅಳೆದಿಲ್ಲ. ಫಕೀರಪ್ಪ ಹಿಟ್ಟು ಮೆತ್ತಿದ ಮುಖ ಎತ್ತಿ ನೋಡಿದ. ಹೆಂಗಸರು ಅಂದಿನ ಹಾಗೆಯೇ ಡಬ್ಬಿ ಹಿಡಿದು ನಿಂತಿದ್ದರು. "ಫಕೀರಪ್ಪಾರ, ಅವತ್ತು ನಂದು ತಪ್ಪಾತು. ಗ್ವಾಡಿದು ಖರೆ ಇತ್ತು, ನಾ ಮಾಡಿದ್ದು ತಪ್ಪು. ನಾಳೆ ಕಮಲಿದು ಆಸ್ಪತ್ರೆ ಐತಿ. ಕಾರಿಗೆ ಒಂಚೂರು ಉಣ್ಣಾಕ ಹಾಕ್ರಿ" ಎಂದೆ.

ಅವನು ಬೆಲ್ಟು ಕಳಚಿ ಗಿರಣಿ ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ಲಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ. ಬಂದು ನನ್ನ ಕೈಯಿಂದ ಪ್ಲಗ್ ತೆಗೆದುಕೊಂಡ. "ಬರ್ರಿ, ಈಗ ಗ್ವಾಡಿ ನಂದs ಐತಿ. ಒಂಬತ್ತು ಇಂಚು ಒಳಗ ಸರಿಸಿ ಕಟ್ಟೀನಿ. ಬೇಕಂದ್ರ ಟೇಪು ಹಿಡದು ನೋಡ್ರಿ" ಎಂದು ಪ್ಲಗ್ ಹಾಕಿದ. ಹಾಕಿದ್ದೇ ತಡ, ಹಸಿರು. ಅಷ್ಟು ಬೇಗ ಹತ್ತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಫಕೀರಪ್ಪನಿಗೆ ನಗು ತಡೆಯಲಾಗಲಿಲ್ಲ. "ನೋಡ್ರಿ ಸಾಹೇಬ್ರ, ನಾವಿಬ್ರೂ ಎಷ್ಟು ಹೊರಗಿನವರು ಅಂತ. ಚಿಂತಿ ಬಿಡ್ರಿ, ನಮ್ಮನ್ಯಾಗ ಇದು ಇಪ್ಪತ್ತು ವರ್ಷ ಉಣ್ತೈತಿ." ಹೆಂಗಸರೂ ನಕ್ಕರು. ಈ ಸಲ ನಾನೂ ನಕ್ಕೆ.

ರೂಢಿಯಂತೆ ನಾನು ಅಲ್ಲಿಯೇ ಕುಳಿತಿರಬೇಕಿತ್ತು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಿನ್ನಿಸಿ ಫಕೀರಪ್ಪ ನನ್ನನ್ನು ಎಬ್ಬಿಸಿದ. "ಕಮಲಕ್ಕ ಒಬ್ಬಾಕಿ ಅದಾಳ. ನೀವು ಹೋಗಿ ಮಕ್ಕೋರಿ. ನಿಮ್ಮ ಪಾಳಿ ನಾ ಕುಂದರತೀನಿ" ಎಂದ. ಬೆಳಿಗ್ಗೆ ಐದಕ್ಕೆ ನಾನು, ಕಮಲಾಕ್ಷಿ ಬಂದು ನೋಡಿದರೆ ಬ್ಯಾಟರಿ ನೂರಾಗಿತ್ತು. ಅವನು ಕಾರಿನ ಪಕ್ಕದಲ್ಲಿ, ಹಿಟ್ಟಿನ ಚೀಲಕ್ಕೆ ಒರಗಿ, ಕೈ ಕಟ್ಟಿಕೊಂಡು ನಿದ್ದೆ ಹೋಗಿದ್ದ. ಕಾರಿನ ಗಾಜುಗಳನ್ನೆಲ್ಲ ಒರೆಸಿಟ್ಟಿದ್ದ. ಕಮಲಾಕ್ಷಿ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದಳು. ಏಳೂವರೆಗೆ ಹತ್ತು ನಿಮಿಷ ಮೊದಲೇ ನಾವು ಆಸ್ಪತ್ರೆಯಲ್ಲಿದ್ದೆವು.

ಆ ವಾರ ಹೂವವ್ವ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಕಾರು ಉಣ್ಣುವುದನ್ನು ಬಿಟ್ಟರೆ ಹಾಗೆ ಮಾಡಬೇಕಂತೆ. ತನ್ನ ಮನೆಯ ಇನ್ನೊಂದು ಬೀಗದ ಕೈಯನ್ನು ಕೆಂಪು ದಾರಕ್ಕೆ ಪೋಣಿಸಿ ನನ್ನ ಕೈಗೆ ಕೊಟ್ಟಳು. ಕಾರಿನ ಕೀಲಿಯ ಜೊತೆ ಅದನ್ನು ಕಟ್ಟಿಕೊಂಡಿದ್ದೇನೆ. ಈಗಲೂ ಭಾನುವಾರ ಹೋಗಿ ಕಳೆದುಹೋದವರ ಪ್ರಕಟಣೆ ಓದುತ್ತೇನೆ. ಎಲ್ಲರೂ ಸಿಕ್ಕಿದ್ದಾರೆ.

ಇದೆಲ್ಲ ಆಗಿ ಮೂರು ವರ್ಷವಾಯಿತು. ಕಮಲಾಕ್ಷಿ ಇದ್ದಾಳೆ, ಬಳೆ ಬಡಿದು ಆಡು ಓಡಿಸುತ್ತಾಳೆ. ಬ್ಯಾಟರಿಗೆ ವಯಸ್ಸಾಗಿದೆ, ನೂರಾ ಇಪ್ಪತ್ತು ಕಿಲೋಮೀಟರಿಗೆ ಇಳಿದಿದೆ, ಎಸಿ ಬಿಟ್ಟು ಬೀಸಣಿಗೆ ಇಟ್ಟುಕೊಂಡಿದ್ದೇವೆ. ಫಕೀರಪ್ಪ ಊಟಕ್ಕೆ ಹೋದರೆ ಗಿರಣಿಯ ಮುಂದೆ ನಾನೇ ಕೂರುತ್ತೇನೆ. ಗಿರಣಿಯ ಕಲ್ಲು ಜೋಳಕ್ಕೆ ಎಷ್ಟು ಬಿಗಿ, ಗೋಧಿಗೆ ಎಷ್ಟು ಸಡಿಲ ಎಂದು ಕಲಿತಿದ್ದೇನೆ. ಜಗಳವೂ ಆಡುತ್ತೇವೆ. ಮುಂದೆ ಬೇಕಾದೀತೆಂದು ಮಾಸ್ತರರ ಮನೆಗೂ ಒಂದು ಮಾತು ಹಾಕಿಟ್ಟಿದ್ದೇನೆ.

ನಿನ್ನೆ ಬೆಳಿಗ್ಗೆ ಫಕೀರಪ್ಪ ಎಂದಿನಂತೆ ಕೈ ಒರೆಸಿಕೊಂಡು ಪ್ಲಗ್ ಹಾಕಿದ. ದೀಪ ಹತ್ತಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅಷ್ಟರಲ್ಲಿ ದೀಪ ಒಮ್ಮೆ ಮಿಣುಕಿ, ಮೆಲ್ಲಗೆ ಹಸಿರಾಯಿತು. ಫಕೀರಪ್ಪ "ಹೂಂ" ಎಂದು ಗಿರಣಿಯ ಕಡೆ ಹೋದ. ಸುಳ್ಳು ಯಾಕೆ ಹೇಳಲಿ, ಇಬ್ಬರಿಗೂ ಒಂದು ಚೂರು ಬೇಜಾರಾಯಿತು.